ಕರಗದ ಮೇಣ

ಇಟ್ಟಿಗೆಯನ್ನು ಎಳೆದದ್ದೇ ತಡ, ಆ ವಾಸನೆ ಬಂತು. ಬಿಸಿ ಕಾಕಂಬಿ, ಉಪ್ಪಿನ ಮಾಂಸದ ಜೊತೆ ಬೆಂದ ಕಾಳು, ಅವೆರಡರ ಅಡಿಯಲ್ಲಿ ಜೇನುಮೇಣದ ತುಸು ಸೀದ ಸಿಹಿ. ಬೆಥಯ ಕಣ್ಣು ಮುಚ್ಚಿದಳು. ಅರವತ್ತು ದಾಟಿದ ಸೂಲಗಿತ್ತಿ ಒಂದು ಉಸಿರಿನೊಳಗೆ ಪುಟ್ಟ ಹುಡುಗಿಯಾಗಿ ಅಮ್ಮನ ಒಲೆಯ ಮುಂದೆ ನಿಂತಿದ್ದಳು.

ಆಗ ಅಟ್ಟದ ಮೇಲೆ ಕೊರೆಯುವ ಚಳಿ. ಅವಳೂ ತಮ್ಮ ಎನೋಸನೂ ಒಂದೇ ಹಾಸಿಗೆಯಲ್ಲಿ ಮುದುಡಿ ಮಲಗುತ್ತಿದ್ದರು. ಅಮ್ಮ ಬಂದು ಕಂಬಳಿಯ ತುದಿಯನ್ನು ಎರಡು ಮಡಿಕೆ ಮಾಡಿ ಇಬ್ಬರ ಕಾಲ್ಬೆರಳುಗಳ ಕೆಳಗೂ ಸಿಕ್ಕಿಸುತ್ತಿದ್ದಳು. ಪಾಪ, ಬೊಂಬೆಗೆ ಯಾರಿದ್ದಾರೆ? ಒಂದು ಶನಿವಾರ ಸಂಜೆ ಬೆಥಯ ತನ್ನ ಮೇಣದ ಮುಖದ ಬೊಂಬೆಯನ್ನು ಒಲೆಯ ಬೆನ್ನಿಗಿದ್ದ ಉಪ್ಪಿನ ಗೂಡಿನಲ್ಲಿ ಬೆಚ್ಚಗೆ ಮಲಗಿಸಿ ಬಂದಿದ್ದಳು. ಬೆಳಗಾದಾಗ ಬೊಂಬೆಗೆ ಮುಖವೇ ಇರಲಿಲ್ಲ.

ಅಮ್ಮ ಬೈಯಲಿಲ್ಲ. ಕರಗಿದ ಮೇಣವನ್ನು ಚಮಚದಲ್ಲಿ ಕೆರೆಯುತ್ತಾ, "ಪ್ರೀತಿ ಮಾಡೋವಾಗ್ಲೂ ಎಲ್ಲಿ ಬೆಚ್ಚಗಿದೆ, ಎಲ್ಲಿ ಬೆಂಕಿಯಿದೆ ನೋಡ್ಕೊಂಡು ಮಾಡಬೇಕು ಮಗಳೇ" ಎಂದಿದ್ದಳು, ಅಷ್ಟೆ.

ಈಗ ಬೆಥಯಳ ಸ್ವಂತ ಒಲೆಯ ಗೂಡಿನಲ್ಲೂ ಅದೇ ಆಗಿತ್ತು. ನಿನ್ನೆ ಹೊತ್ತು ಮುಳುಗುವ ಮುಂಚೆ, ಊರಿನ ಎಲ್ಲ ಹೆಂಗಸರ ಹಾಗೆ, ಅವಳು ಕಾಳಿನ ಮಡಕೆಯನ್ನು ಒಲೆಯೊಳಗಿಟ್ಟು ಬಾಗಿಲಿನ ಸಂದಿಗೆ ಹಿಟ್ಟು ಮೆತ್ತಿದ್ದಳು. ಶನಿವಾರ ಸೂರ್ಯ ಇಳಿದರೆ ಸಬ್ಬತ್ತು. ಮರುದಿನ ಸೂರ್ಯ ಇಳಿಯುವವರೆಗೆ ಯಾವ ಮನೆಯಲ್ಲೂ ಅಡುಗೆಯಿಲ್ಲ. ಆಮೇಲೆ ಒಂದು ಕೆಲಸ ಹೆಚ್ಚಿಗೆ ಮಾಡಿದ್ದಳು. ಮೇಣದ ಉಂಡೆಯೊಂದಕ್ಕೆ ಮೂಗು, ತುಟಿ ತಿದ್ದಿ ಗೂಡಿನಲ್ಲಿಟ್ಟು ಇಟ್ಟಿಗೆ ಮುಚ್ಚಿದ್ದಳು. ಈಗ, ಬೆಳಗಿನ ಪ್ರಾರ್ಥನೆ ಮುಗಿಸಿ ಬಂದು ನೋಡಿದರೆ, ಗೂಡಿನ ತಳದಲ್ಲಿ ಹಳದಿ ಕೊಚ್ಚೆ.

ಗೆಳತಿ ಹುಲ್ದ ಮಾರ್ಲೊಳ ಮನೆಯ ಒಲೆಯನ್ನು ಕಟ್ಟಿದವನೂ ಈ ಒಲೆಯನ್ನು ಕಟ್ಟಿದ ಗಾರೆಯವನೇ. ಅಲ್ಲಿನ ಗೂಡು, ಇಲ್ಲಿನ ಗೂಡು ಅಕ್ಕತಂಗಿಯರಂತೆ. ಆ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಹಿಂದೆ, ಮುಳ್ಳು ಚುಚ್ಚಿದ ಮೇಣದ ಬೊಂಬೆ ಸಿಕ್ಕಿತೆಂದೇ ನ್ಯಾಯಾಧೀಶರು ಹುಲ್ದಳನ್ನು ಮಾಟಗಾತಿಯೆಂದು ತೀರ್ಮಾನಿಸಿದ್ದು. ಗುರುವಾರ ಅವಳಿಗೆ ಗಲ್ಲು.

ಆ ಬೊಂಬೆಯನ್ನು ಬೆಥಯ ನೋಡಿದ್ದಳು. ಮೂಗು ಮೊನಚಾಗಿತ್ತು. ತುಟಿಯ ಗೀರು ಕೂಡ ಮಾಸಿರಲಿಲ್ಲ. ಹಿಂದಲೆ ಮಾತ್ರ ಬೆಚ್ಚನೆಯ ಕಲ್ಲಿಗೆ ಸ್ವಲ್ಪ ಹೊತ್ತು ಒರಗಿದ ಹಾಗೆ ಚಪ್ಪಟೆಯಾಗಿತ್ತು.

ಅಂದು ಹುಲ್ದಳ ಒಲೆ ಆರಿತ್ತೇ? ಅದಕ್ಕೆ ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಆ ಭಾನುವಾರ ಬೆಳಗಿನ ಸಭೆ ಬಿಟ್ಟ ಕೂಡಲೇ ಬೊಂಬೆ ಹುಡುಕಲು ಹೋದ ಕಾನ್‌ಸ್ಟೇಬಲ್ ಬಕ್ ಹಸಿವು ತಾಳದೆ ಆ ಒಲೆಯಿಂದಲೇ ಬಿಸಿಬಿಸಿ ಕಾಳು ತೆಗೆದು ಮಡಕೆ ಬಳಿದಿದ್ದ. "ಮಾಟದ ಕಾಳು ತಿಂದೋನಿಗೆ ಬಾಲ ಬಂತಾ ನೋಡ್ರೋ" ಎಂದು ಇಡೀ ಕೋಲ್ಡ್‌ಬ್ರೂಕ್ ಊರೇ ಅವನ ಕಾಲೆಳೆದಿತ್ತು. ನಕ್ಕವರಲ್ಲಿ ಒಬ್ಬರಿಗೂ ಮೇಣದ ನೆನಪಾಗಲಿಲ್ಲ.

ಅಂದರೆ ಬೊಂಬೆ ಇಡೀ ರಾತ್ರಿ ಅಲ್ಲಿರಲಿಲ್ಲ. ಭಾನುವಾರ ಬೆಳಿಗ್ಗೆ, ಹುಲ್ದಳೂ ಊರೂ ಪ್ರಾರ್ಥನೆಗೆಂದು ಸಭಾಮನೆಯಲ್ಲಿ ಕುಳಿತಿದ್ದಾಗ, ಯಾರೋ ತಂದಿಟ್ಟಿದ್ದರು.

ಬೆಥಯ ಮೇಣವನ್ನು ಮರದ ಚಮಚಕ್ಕೆ ಕೆರೆದುಕೊಂಡಳು. ಆ ಬೆಳಿಗ್ಗೆ ಸಭಾಮನೆಯ ಹೊರಗಿದ್ದವರು ಇಬ್ಬರೇ ಎಂದು ಊರೇ ಬಲ್ಲದು. ಒಬ್ಬಳು ಪಾದ್ರಿಯವರ ತಮ್ಮನ ಮಗಳು ಕೆಜೀಯ. ಪ್ರಸಂಗದ ನಡುವೆ ಅವಳಿಗೆ ಮೈಮೇಲೆ ಬಂದು, ವಾರವಿಡೀ ಅರಚುತ್ತಿದ್ದ ಹಾಗೆಯೇ ಕುರಿಯಂತೆ "ಬೆ… ಬೆ…" ಎಂದು ಅರಚಿ ಬಿದ್ದಿದ್ದಳು. ಇನ್ನೊಬ್ಬಳು, ಅವಳನ್ನು ಪಕ್ಕದಲ್ಲೇ ಇದ್ದ ತನ್ನ ಮನೆಗೆ ಎತ್ತಿಸಿಕೊಂಡು ಬಂದು ಕಾಯುತ್ತಾ ಕುಳಿತ ಬೆಥಯ.

ಬಾಸ್ಟನ್ನಿನಿಂದ ಬಂದ ನ್ಯಾಯಾಧೀಶರು ಕೇಳಬೇಕಾದ್ದನ್ನೇ ಕೇಳಿದ್ದರು. "ಹುಡುಗಿ ನಿನ್ನ ಕಣ್ಣು ತಪ್ಪಿಸಿ ಎದ್ದು ಹೋಗಿರಬಹುದಲ್ಲ? ಯಾರಾದರೂ ಒಳಗೆ ಬಂದಿರಬಹುದಲ್ಲ? ನೀನೇನಾದರೂ ನಿದ್ದೆ ಮಾಡಿದ್ದೆಯಾ?"

ಹಿಂದಿನಿಂದ ಯಾರೋ ಕಿಸಕ್ಕೆಂದರು. "ನರಿಬಾಲ!" ಎಂದಿತು ಒಂದು ದನಿ. ನಗು ಬೆಂಚಿನಿಂದ ಬೆಂಚಿಗೆ ಹರಿಯಿತು.

ಸಭೆಯಲ್ಲಿ ತೂಕಡಿಸುವವರನ್ನು ಎಬ್ಬಿಸಲು ಕೋಲುಗಾರನೊಬ್ಬನಿದ್ದ. ಗಂಡಸಾದರೆ ಕೋಲಿನ ಮರದ ತುದಿಯಿಂದ ತಲೆಗೆ ಟಕ್ಕೆಂದು ಪೆಟ್ಟು. ಹೆಂಗಸಾದರೆ ಇನ್ನೊಂದು ತುದಿಗೆ ಕಟ್ಟಿದ ನರಿಬಾಲದಿಂದ ಮೂಗು ಸವರುವುದು. ಆ ಬಾಲದ ಅತಿ ಹೆಚ್ಚಿನ ಪರಿಚಯವಿದ್ದ ಮೂಗು ಬೆಥಯಳದು. ರಾತ್ರಿಯೆಲ್ಲ ಯಾರದೋ ಹೆರಿಗೆ, ಬೆಳಿಗ್ಗೆ ಪ್ರಸಂಗ, ಏನು ಮಾಡಿಯಾಳು? ಕೋಲುಗಾರ ಸ್ವಂತ ತಮ್ಮ ಎನೋಸನೇ ಆದರೂ ಬಿಡುವಂತಿರಲಿಲ್ಲ. ಆದರೆ ಅವನು ಮೆತ್ತಗೆ ಸವರುತ್ತಿದ್ದ. ಅದಕ್ಕೂ ಮುಂಚೆಯೇ, ಪಕ್ಕದಲ್ಲಿ ಕೂರುತ್ತಿದ್ದ ಹುಲ್ದ ಬೆಥಯಳ ಪಕ್ಕೆಗೆ ಮೊಣಕೈಯಿಂದ ತಿವಿದು ಎಷ್ಟೋ ಸಲ ಬಾಲದಿಂದ ಪಾರು ಮಾಡಿದ್ದಳು.

ಆ ನಗು ಕೇಳಿ ಬೆಥಯಳ ಕಿವಿ ಬಿಸಿಯಾಗಿತ್ತು. ಬಲಗೈ ಎತ್ತಿ ಪ್ರಮಾಣ ಮಾಡಿದ ನಾಲಿಗೆಯಿಂದಲೇ ಹೇಳಿದ್ದಳು: "ಇಲ್ಲ ಸ್ವಾಮಿ. ಕಣ್ಣು ಮುಚ್ಚಲಿಲ್ಲ. ಯಾರೂ ಬರಲಿಲ್ಲ."

ಕಟಕಟೆಯಲ್ಲಿ ನಿಂತಿದ್ದ ಹುಲ್ದ ಅವಳನ್ನು ನೋಡಿ ಸಣ್ಣಗೆ ತಲೆಯಾಡಿಸಿದ್ದಳು. ಗೆಳತಿಯ ಮಾನ ಉಳಿಯಿತಲ್ಲ ಎನ್ನುವ ಹಾಗೆ.

ಅವಳು ಹಾಗೆ ತಲೆಯಾಡಿಸಿದ್ದು ಅಂದಿನಿಂದ ಬೆಥಯಳನ್ನು ಮಲಗಲು ಬಿಟ್ಟಿರಲಿಲ್ಲ.

*

ಪಾದ್ರಿಯವರ ಮನೆಯ ಹಿತ್ತಲ ಮೆಟ್ಟಿಲಿನ ಮೇಲೆ ಕೆಜೀಯ ಕೈ ಕಟ್ಟಿ ಕುಳಿತಿದ್ದಳು. ಸಬ್ಬತ್ತಿನಂದು ಹೆಣ್ಣುಮಕ್ಕಳ ಕೈಗೆ ಹೆಣಿಗೆಯೂ ಇಲ್ಲ. ಒಳಗೆ ಪಾದ್ರಿಯವರು ಮಧ್ಯಾಹ್ನದ ಪ್ರಸಂಗವನ್ನು ಗಟ್ಟಿಯಾಗಿ ಅಭ್ಯಾಸ ಮಾಡುತ್ತಿದ್ದರು. ಬೇಲಿಯ ಮೇಲೆ ಕುಂಬಳಬಳ್ಳಿ ಮೊದಲ ಹಿಮಕ್ಕೆ ಕಪ್ಪಾಗಿ ಜೋತುಬಿದ್ದಿತ್ತು.

"ಬರಬೇಡಿ ಅಜ್ಜಿ. ಯಾರನ್ನೂ ಹತ್ರ ಸೇರಿಸಬೇಡ ಅಂದಿದಾರೆ ದೊಡ್ಡಪ್ಪ."

"ನಾನು ಯಾರೋ ಆದ್ನೇನೆ? ನಿನ್ನ ಹೊಕ್ಕುಳುಬಳ್ಳಿ ಕತ್ತರಿಸಿದೋಳು."

"ಅದನ್ನ ಎಲ್ರಿಗೂ ಹೇಳ್ತೀರಂತೆ."

"ಎಲ್ರದ್ದೂ ಕತ್ತರಿಸಿದೀನಿ. ಹೇಳಬಾರ್ದಾ?"

ಹುಡುಗಿಯ ತುಟಿಯ ಕೊನೆ ಅಲುಗಿತು. ಬೆಥಯಳ ಕೈ ಚಳಿಗೆ ನೀಲಿಯಾಗಿದ್ದನ್ನು ನೋಡಿ, ತಾನು ಕೂತಿದ್ದ ಬಿಸಿಲಿನ ಜಾಗದಿಂದ ಸದ್ದಿಲ್ಲದೆ ಪಕ್ಕಕ್ಕೆ ಸರಿದಳು. ಇಡೀ ಊರು ಹೆದರುವ ಹುಡುಗಿ. ಹದಿನೈದು ತುಂಬಿರಲಿಲ್ಲ.

ಬೆಥಯ ಕುಳಿತು ಚಮಚವನ್ನು ಮುಂದೆ ಹಿಡಿದಳು. "ನೋಡು. ನಿನ್ನೆ ಸಂಜೆ ಇದಕ್ಕೊಂದು ಮುಖ ಇತ್ತು."

"ಯಾರ ಮುಖ?"

"ಯಾರದ್ದೂ ಅಲ್ಲ. ಒಲೆ ಹಿಂದಿನ ಗೂಡಲ್ಲಿ ಇಟ್ಟಿದ್ದೆ. ಬೆಳಗಾಗೋದ್ರೊಳಗೆ ಹಿಂಗಾಯ್ತು."

ಕೆಜೀಯ ಚಮಚವನ್ನೇ ನೋಡಿದಳು. ಹುಡುಗಿ ಚುರುಕು, ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ಆದ್ರೆ ಆ ಬೊಂಬೇಗೆ ಮೂಗಿತ್ತು."

"ಇತ್ತು."

"ಹಂಗಾದ್ರೆ… ಎಲ್ರೂ ಸಭೇಲಿದ್ದಾಗ…" ಅವಳು ಧಡಕ್ಕನೆ ಎದ್ದಳು. "ನಾನಲ್ಲ! ನಾನಲ್ಲ ಅಜ್ಜಿ!"

ಅವಳ ಬೆರಳುಗಳು ಹಕ್ಕಿಯ ಉಗುರಿನಂತೆ ಒಳಕ್ಕೆ ಸೆಟೆಯತೊಡಗಿದವು. ಬೆಥಯ ಆ ಕೈಗಳನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದಳು. "ಬಿಗಿಬೇಡ. ಉಸಿರು ಬಿಡು. ಇನ್ನೊಂದ್ಸಲ. ಹೆರೋರಿಗೂ ಇದನ್ನೇ ಹೇಳೋದು ನಾನು. ನೋವು ಬರೋದು ಬರುತ್ತೆ, ನಾವು ಅದಕ್ಕೆ ಬಿಗಿದು ಸಹಾಯ ಮಾಡಬಾರ್ದು."

ಬೆರಳುಗಳು ಮೆಲ್ಲಗೆ ಬಿಚ್ಚಿದವು. ಕೆಜೀಯ ಮತ್ತೆ ಕುಳಿತಳು.

"ನಾನು ಎದ್ದೇ ಇಲ್ಲ. ನೀವೇ ಕಾಯ್ತಿದ್ರಲ್ಲ. ಕೋರ್ಟಲ್ಲಿ ಹೇಳಿದ್ರಲ್ಲ, ಕಣ್ಣು ಮುಚ್ಚಲಿಲ್ಲ ಅಂತ."

ಒಳಗಿನಿಂದ ಪಾದ್ರಿಯವರ ದನಿ ಏರಿ ಇಳಿಯಿತು. ಬೆಥಯ ಚಮಚವನ್ನು ಮೆಟ್ಟಿಲಿನ ಮೇಲಿಟ್ಟಳು. ಯಾರ ಮುಂದೆಯೂ ಆಡದಿದ್ದ ಮಾತು.

"ಕೆಜೀಯ, ಅವತ್ತು ನಾನು ನಿದ್ದೆ ಮಾಡಿದ್ದೆ."

"ಗೊತ್ತು," ಎಂದಳು ಹುಡುಗಿ.

ಬೆಥಯ ತಿರುಗಿ ನೋಡಿದಳು.

"ಗೊರಕೆ ಹೊಡೀತಿದ್ರಿ. ಬಾಯಿ ಹಿಂಗೆ ತೆರ್ಕೊಂಡು. ಕಣ್ಣು ಬಿಟ್ಟಾಗ ನೀವು ಎದುರಿಗೇ ಇದ್ರಿ. ಮೊದಲು ಜೀವ ಹೋದ ಹಂಗಾಯ್ತು. ಆಮೇಲೆ ನಿಮ್ಮ ಗೊರಕೆ ಕೇಳ್ತಾ ಕೇಳ್ತಾ ಭಯವೇ ಹೋಯ್ತು."

"ಯಾರ ಭಯ?"

ಕೆಜೀಯ ಲಂಗದ ಅಂಚನ್ನು ಬೆರಳಿಗೆ ಸುತ್ತತೊಡಗಿದಳು.

"ಇರ್ಲಿ. ನಾನು ಮಲಗಿದ್ದು ನೋಡಿದೋಳು ಕೋರ್ಟಲ್ಲಿ ಯಾಕೆ ಬಾಯಿ ಬಿಡಲಿಲ್ಲ?"

"ನೀವು ದೊಡ್ಡೋರು. ಕೈ ಎತ್ತಿ ಪ್ರಮಾಣ ಮಾಡಿ ಇಲ್ಲ ಅಂದ್ರಿ. ನೀವು ಎಚ್ಚರವಾಗಿದ್ರೆ, ನಾನು ಕಂಡಿದ್ದೆಲ್ಲ ಕನಸೇ ಇರಬೇಕು ಅಂದ್ಕೊಂಡೆ. ನೀವು ಯಾರೂ ಬರಲಿಲ್ಲ ಅಂದ್ರಿ. ಹಂಗಾದ್ರೆ ಬಂದಿದ್ದು ಮನುಷ್ಯ ಅಲ್ಲ, ಅಲ್ವಾ?"

ಬೆಥಯ ಅವಳ ಕಡೆಗೆ ಬಾಗಿದಳು. "ಯಾರು ಬಂದಿದ್ದು?"

"ಕಣ್ಣು ಮುಚ್ಕೊಂಡಿದ್ದೆ. ಬಾಗಿಲು ತೆಗೆದ ಸದ್ದಾಯ್ತು. ನಿಧಾನಕ್ಕೆ ನಡ್ಕೊಂಡು ಬಂದ್ರು, ಮನೆ ಗೊತ್ತಿರೋರ ಹಾಗೆ. ರೆಪ್ಪೆ ಸಂದೀಲಿ ನೋಡಿದೆ. ಕಪ್ಪು ಕೋಟಿನ ಬೆನ್ನು, ಅಷ್ಟೇ. ಗೂಟದಿಂದ ಶಾಲು ತೆಗೆದು ನಿಮ್ಮ ಮೇಲೆ ಹೊದಿಸಿದ್ರು. ಆಮೇಲೆ ನಿಮ್ಮ ಕಾಲ ಹತ್ರ ಬಗ್ಗಿದ್ರು."

"ಕಾಲ ಹತ್ರ ಯಾಕೆ?"

"ಗೊತ್ತಿಲ್ಲ. ಏನೋ ಹುಡುಕ್ತಿದ್ರೇನೋ."

ಶಾಲು. ಎಚ್ಚರವಾದಾಗ ಮೈಮೇಲೆ ಶಾಲಿತ್ತು. ಹುಡುಗಿ ಹೊದಿಸಿದ್ದಾಳೆಂದು ಬೆಥಯ ಮನಸ್ಸಿನಲ್ಲೇ ಹರಸಿದ್ದಳು. ಮತ್ತೆ ಅದರ ಯೋಚನೆ ಮಾಡಿರಲಿಲ್ಲ.

"ಶಾಲು ನೀನು ಹೊದಿಸಿದ್ದಲ್ವಾ?"

"ಅಲ್ಲ. ಆಮೇಲೆ ನನ್ನ ಕಿವಿ ಹತ್ರ ಬಂದು ಪಿಸುಗುಟ್ಟಿದ್ರು. 'ಹುಲ್ದಳ ಒಲೆ ಹಿಂದೆ ನೋಡಿ ಅಂತ ಹೇಳು ಮಗು.' ಎರಡು ಸಲ."

"ದನಿ ಗುರುತಾಗಲಿಲ್ಲವಾ?"

"ಪಿಸುಮಾತಿಗೆ ದನಿ ಇರುತ್ತಾ ಅಜ್ಜಿ?" ಕೆಜೀಯಳ ಕಣ್ಣಲ್ಲಿ ನೀರು ತುಂಬಿತು. "ದೊಡ್ಡಪ್ಪಂಗೆ ಹೇಳ್ದೆ. ದೇವದೂತ ಅಂದ್ರು. ನಾನು ನಂಬಿದೆ. ಎನೋಸ್ ಮಾಮನ ಕೂಸು ಸತ್ತಾಗಿಂದ ನಂಗೆ ಕನಸು ಬೀಳ್ತಿತ್ತು. ಆ ಹೆರಿಗೆ ಕೋಣೇಲಿ ಇಬ್ಬರು ಹೆಂಗಸರಿದ್ರು, ಇಬ್ಬರಲ್ಲಿ ಒಬ್ಬಳು ಮಾಟಗಾತಿ ಅಂತ ಎಲ್ಲರೂ ಬಾವಿ ಹತ್ರ ಮಾತಾಡ್ತಿದ್ರು. ದೇವದೂತನೇ ಬಂದು ಯಾರು ಅಂತ ಹೇಳಿದ್ಮೇಲೆ… ನಂಗೆ ಸಮಾಧಾನ ಆಯ್ತು ಅಜ್ಜಿ."

ಬೆಥಯಳಿಗೆ ಹುಡುಗಿಯನ್ನು ಬೈಯಲು ಒಂದು ಮಾತೂ ಸಿಗಲಿಲ್ಲ. ಬಾಗಿಲು ತೆಗೆದು ಬಂದ ಮನುಷ್ಯನನ್ನು ದೇವದೂತನನ್ನಾಗಿ ಮಾಡಿದ್ದು ಈ ಮಗುವಲ್ಲ. 'ಯಾರೂ ಬರಲಿಲ್ಲ' ಎಂದ ತನ್ನ ಎರಡು ಪದ.

"ಹುಲ್ದಜ್ಜೀನ ಗುರುವಾರ…" ಕೆಜೀಯ ಮುಗಿಸಲಿಲ್ಲ.

"ಇಲ್ಲ," ಎಂದಳು ಬೆಥಯ ಎದ್ದು ನಿಲ್ಲುತ್ತಾ. "ಇವತ್ತು ಮಧ್ಯಾಹ್ನ ಸಭೇಲಿ ಹೇಳ್ತೀನಿ. ನೀನೂ ಕೇಳಿದ್ದನ್ನ ಹೇಳು. ಹೆದರ್ತೀಯಾ?"

"ಹ್ಞೂಂ."

"ನಾನೂ ಹೆದರ್ತೀನಿ. ಇಬ್ಬರೂ ಹೆದರ್ಕೊಂಡೇ ಹೇಳೋಣ."

ಅಷ್ಟರಲ್ಲಿ ಸಭಾಮನೆಯ ನಗಾರಿ ಬಡಿಯತೊಡಗಿತು.

*

ಹೆಂಗಸರ ಕಡೆಯ ಮೂರನೆಯ ಬೆಂಚಿನಲ್ಲಿ ಬೆಥಯಳ ಪಕ್ಕದ ಜಾಗ ಖಾಲಿಯಿತ್ತು. ಹುಲ್ದ ಸೆರೆಯಾದಾಗಿನಿಂದ ಅಲ್ಲಿ ಯಾರೂ ಕೂರುತ್ತಿರಲಿಲ್ಲ. ಹಲಗೆಗೇ ಮಾಟ ಅಂಟಿದೆಯೇನೋ ಎಂಬಂತೆ. ಮರಳುಗಡಿಯಾರ ಒಮ್ಮೆ ಬರಿದಾಗಿ ಮತ್ತೆ ತಿರುಗಿತು. ಇಂದು ಬೆಥಯಳಿಗೆ ತೂಕಡಿಕೆ ಬರಲಿಲ್ಲ. ಎನೋಸ್ ಕೋಲು ಹಿಡಿದು ಸಾಲುಗಳ ನಡುವೆ ನಡೆದಾಡುತ್ತಿದ್ದ. ಅವಳ ಪಕ್ಕ ಬಂದಾಗ, ಎಚ್ಚರವಾಗಿದ್ದೀಯಲ್ಲ ಎನ್ನುವಂತೆ ಹುಬ್ಬು ಹಾರಿಸಿ ಮುಂದೆ ಹೋದ.

ಪ್ರಸಂಗ ಮುಗಿದ ಮೇಲೆ, ತಪ್ಪು ಒಪ್ಪಿಕೊಳ್ಳುವವರು ಎದ್ದು ನಿಲ್ಲುವುದು ವಾಡಿಕೆ. ಸಾಮಾನ್ಯವಾಗಿ ಯಾರಾದರೂ ಕುಡಿದದ್ದೋ, ನೆರೆಯವನ ಹಂದಿಯನ್ನು ಬೈದದ್ದೋ ಬರುತ್ತಿತ್ತು.

ಬೆಥಯ ಎದ್ದಳು. "ನಾನು ನ್ಯಾಯಾಧೀಶರ ಮುಂದೆ ಸುಳ್ಳು ಪ್ರಮಾಣ ಮಾಡಿದೀನಿ. ಹುಡುಗೀನ ಕಾಯೋವಾಗ ನಾನು ಮಲಗಿಬಿಟ್ಟಿದ್ದೆ."

ಗಂಡಸರ ಕಡೆಯಿಂದ ಕಾನ್‌ಸ್ಟೇಬಲ್ ಬಕ್‌ನ ನಗು ಬುಸ್ಸೆಂದು ಹೊರಬಂತು. "ಇದೇನು ಹೊಸ ಸುದ್ದಿನಾ ತಾಯಿ?"

ನಾಲ್ಕಾರು ಮಂದಿ ನಕ್ಕರು. ಪಾದ್ರಿಯವರು ನಗಲಿಲ್ಲ.

"ಕೇಳಿ," ಎಂದಳು ಬೆಥಯ. "ನಾನು ಮಲಗಿದ್ದಾಗ ಯಾರೋ ಮನೆಯೊಳಗೆ ಬಂದಿದ್ರು. ಹುಲ್ದಳ ಒಲೆ ಹಿಂದೆ ನೋಡಿ ಅಂತ ಹುಡುಗಿ ಕಿವೀಲಿ ಹೇಳಿದ್ದು ಅವರೇ. ಬಕ್, ನೀನು ಆ ಒಲೆಯಿಂದ ಬಿಸಿ ಕಾಳು ತಿಂದೆ. ಇಡೀ ರಾತ್ರಿ ಅಲ್ಲಿದ್ದಿದ್ರೆ ಮೇಣದ ಮೂಗು ನೆಟ್ಟಗಿರ್ತಿತ್ತಾ? ನಿಮ್ಮ ಮನೆ ಒಲೇಲಿ ಯಾರು ಬೇಕಾದ್ರೂ ಇಟ್ಟು ನೋಡಿ."

ಬಕ್‌ನ ನಗು ನಿಂತಿತು. ಅವನು ತನ್ನ ಹೊಟ್ಟೆಯನ್ನೇ ನೋಡಿಕೊಂಡ. ಒಂದಿಬ್ಬರು ಹೆಂಗಸರು ಪರಸ್ಪರ ಮುಖ ನೋಡಿದರು. ಮೇಣ, ಒಲೆ, ಶನಿವಾರ: ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಬೆಥಯಳ ಎದೆಯಲ್ಲಿ ಆಸೆ ಒಂದು ಸಲ ರೆಕ್ಕೆ ಬಡಿಯಿತು.

"ನರಕದ ಬೆಂಕಿಯಲ್ಲಿ ಅಚ್ಚು ಹಾಕಿದ ಮೇಣ," ಎಂದರು ಪಾದ್ರಿಯವರು ನಿಧಾನವಾಗಿ, "ನಮ್ಮ ಕಾಳಿನ ಒಲೆಗೆ ಕರಗುತ್ತದೆಯೇ?"

ಸಭೆಯಲ್ಲಿ ಉಸಿರು ಎಳೆದುಕೊಂಡ ಸದ್ದು.

"ಅಯ್ಯನವರೇ, ಮೇಣ ಮೇಣವೇ…"

"ಅವಳೇ ನಿದ್ದೆ ಬರಿಸಿದ್ದು!" ಹಿಂದಿನ ಬೆಂಚಿನಿಂದ ಹೆಂಗಸೊಬ್ಬಳು ಕೂಗಿದಳು. "ಬೆಥಯಂಗೆ ನಿದ್ದೆ ಹಾಕಿದ್ದು ಹುಲ್ದಾನೇ! ಪಕ್ಕದಲ್ಲೇ ಕೂರ್ತಿದ್ಲು, ಮೊಣಕೈಯಿಂದ ಮುಟ್ತಿದ್ಲು. ನಾನೇ ಕಣ್ಣಾರೆ ನೋಡಿದೀನಿ!"

"ಎಬ್ಬಿಸೋಕೆ ಮುಟ್ತಿದ್ಲು ಕಣಮ್ಮ!"

"ಯಾರೋ ಒಳಗೆ ಬಂದರು ಎನ್ನುತ್ತೀಯೆ," ಎಂದರು ಪಾದ್ರಿಯವರು. "ಬಂದವರು ನಿನಗೇನು ಮಾಡಿದರು?"

ಬೆಥಯಳಿಗೆ ಇನ್ನು ಸುಳ್ಳು ಸಾಧ್ಯವಿರಲಿಲ್ಲ. "ಶಾಲು ಹೊದಿಸಿದರು."

"ಸೈತಾನ ಯಾರ ಸೇವೆ ಮಾಡುತ್ತಾನೆ?" ಪಾದ್ರಿಯವರ ದನಿ ತಗ್ಗಿತು. "ಚಳಿಯಾದೀತೆಂದು ಅವನು ಶಾಲು ಹೊದಿಸುವುದು ಯಾರಿಗೆ?"

ಆಗ ಕೆಜೀಯ ಎದ್ದು ನಿಂತಳು. ಹೇಳಲೆಂದೇ ಎದ್ದಳು, ಬೆಥಯ ಅವಳ ತುಟಿಗಳು ಮಾತಿಗೆ ತೆರೆದದ್ದನ್ನು ಕಂಡಳು. ಆದರೆ ನೂರು ಮುಖಗಳು ಒಟ್ಟಿಗೆ ಅವಳ ಕಡೆ ತಿರುಗಿದವು. ಹುಡುಗಿಯ ಬೆರಳುಗಳು ಸೆಟೆದವು. ಕುತ್ತಿಗೆ ಹಿಂದಕ್ಕೆ ಬಾಗಿತು. ಅವಳ ಹಿಂದೆಯೇ ಇನ್ನೊಬ್ಬಳು ಹುಡುಗಿ ಕಿರುಚಿದಳು, ಆಮೇಲೆ ಮತ್ತೊಬ್ಬಳು. ಬೆಂಚುಗಳು ಉರುಳಿದವು.

"ಬೆ… ಬೆ…" ಎಂದು ಅರಚಿದಳು ಕೆಜೀಯ. "ಬೆ…"

ಟಕ್ಕೆಂದು ಕೋಲು ನೆಲಕ್ಕೆ ಬಡಿಯಿತು. ಎನೋಸ್. ಅವನ ಮುಖ ಸುಣ್ಣದಂತಾಗಿತ್ತು.

"ಬಕ್! ನಿಂತು ನೋಡ್ತೀಯೇನು? ಸುಳ್ಳು ಪ್ರಮಾಣ ಒಪ್ಕೊಂಡಿದಾಳೆ. ಎಳ್ಕೊಂಡು ಹೋಗಿ ಕೂಡಿಹಾಕು. ಈಗಲೇ!"

"ಎನೋಸ್, ನಿನ್ನ ಅಕ್ಕ ಕಣಯ್ಯ…"

"ನನ್ನ ಅಕ್ಕ ಅಂತ ಗೊತ್ತಿಲ್ವಾ ನಂಗೆ? ಸುಳ್ಳು ಸಾಕ್ಷಿಗೆ ಕಾನೂನಿದೆ. ಹೊರಡು!"

ಸ್ವಂತ ತಮ್ಮನೇ ಎಂದು ಯಾರೋ ಬಾಯಿಗೆ ಕೈ ಇಟ್ಟರು. ಬಾಗಿಲು ದಾಟುವಾಗ ಬೆಥಯ ಹಿಂತಿರುಗಿ ನೋಡಿದಳು. ತಮ್ಮ ಅವಳನ್ನು ನೋಡುತ್ತಿರಲಿಲ್ಲ. ಕೆಜೀಯಳ ಪಕ್ಕ ಮಂಡಿಯೂರಿ, ಅವಳ ಬಾಯನ್ನು ಮೃದುವಾಗಿ ಅಂಗೈಯಿಂದ ಮುಚ್ಚಿದ್ದ.

*

ಊರ ಸೆರೆಮನೆ ಎಂದರೆ ನೆಲಮಾಳಿಗೆ. ಒಂದು ಕಾಲದಲ್ಲಿ ಟರ್ನಿಪ್ಪು ಗಡ್ಡೆ ಇಡುತ್ತಿದ್ದ ಜಾಗ. ಇನ್ನೂ ಅದರ ಘಾಟು ಹೋಗಿರಲಿಲ್ಲ. ಬಕ್ ಬೆಥಯಳ ಕಾಲಿಗೆ ಬೇಡಿ ಹಾಕುವಾಗ ಅವಳ ಕಾಲುಚೀಲವನ್ನು ಮೇಲಕ್ಕೆಳೆದು, ಕಬ್ಬಿಣ ಚರ್ಮಕ್ಕೆ ತಾಗದಂತೆ ಕೂರಿಸಿದ. "ಆ ಕಾಳು ಬಿಸಿಯಿತ್ತು ತಾಯಿ," ಎಂದು ಗೊಣಗಿ, ಅವಳ ಮುಖ ನೋಡದೆ ಮೆಟ್ಟಿಲು ಹತ್ತಿ ಹೋದ.

ಮೂಲೆಯ ಹುಲ್ಲಿನಿಂದ ದನಿ ಬಂತು. "ಯಾರು? ಬೆಥಯಾನಾ? ಬಾ ಬಾ. ಇಲ್ಲಿ ಎಷ್ಟು ಬೇಕಾದ್ರೂ ಮಲಗು, ಬಾಲ ಸವರೋರು ಯಾರೂ ಇಲ್ಲ."

ಬೆಥಯ ನಗಲು ಹೋದಳು. ಬಂದದ್ದು ಅಳು. ಎಲ್ಲವನ್ನೂ ಹೇಳಿದಳು: ನಿದ್ದೆ, ನಗು, ಮಾನ, ಆ 'ಇಲ್ಲ'.

ಹುಲ್ದ ಹುಲ್ಲಿನ ಮೇಲೆ ಅವಳಿಗೂ ಜಾಗ ಮಾಡಿದಳು. "ಗೊತ್ತಿತ್ತು ಕಣೆ," ಎಂದಳು. "ಹಿಂದಿನ ರಾತ್ರಿಯೆಲ್ಲ ಹೆರಿಗೆ ಮಾಡಿಸಿ ಬಂದೋಳು ಹಗಲು ಮಲಗದೆ ಇರ್ತಾಳಾ? ಆದ್ರೆ ಒಂದು ನಿದ್ದೆ ನನ್ನ ಕುತ್ತಿಗೆಗೆ ಬರುತ್ತೆ ಅಂತ ನಿಂಗೂ ಗೊತ್ತಿರಲಿಲ್ಲ, ನಂಗೂ ಗೊತ್ತಿರಲಿಲ್ಲ. ಅಳಬೇಡ. ಬಂದೋನು ಯಾರು, ಅದನ್ನ ಯೋಚನೆ ಮಾಡು."

"ಸಭೆಯಿಂದ ಬೇರೆ ಯಾರೂ ಎದ್ದು ಹೋಗಲಿಲ್ಲ ಅಂತ ಊರೇ ಹೇಳುತ್ತೆ."

"ಎದ್ದು ಹೋಗೋಕೆ ಅಪ್ಪಣೆ ಇರೋರು?"

ಬೆಥಯ ಬಾಯಿ ತೆರೆದಳು. ಮೇಲೆ ಬಾಗಿಲಿನ ಅಗುಳಿ ಸರಿಯಿತು.

ಸಬ್ಬತ್ತಿನ ಕೊನೆಯ ಬೆಳಕು ಮೆಟ್ಟಿಲಿನ ಮೇಲೆ ಬಿತ್ತು. ಎನೋಸ್ ಇಳಿದು ಬಂದ. ಕೈಯಲ್ಲಿ ಕೋಲಿರಲಿಲ್ಲ, ಬಟ್ಟೆ ಮುಚ್ಚಿದ ಬಟ್ಟಲಿತ್ತು. ಅದನ್ನು ನೆಲದ ಮೇಲಿಟ್ಟು, ಮಾತಿಲ್ಲದೆ ತನ್ನ ಕಪ್ಪು ಕೋಟು ಬಿಚ್ಚಿದ. ಅಕ್ಕನ ಮಂಡಿಯ ಮೇಲೆ ಹೊದಿಸಿದ. ಆಮೇಲೆ ಅವಳ ಕಾಲ ಹತ್ತಿರ ಬಗ್ಗಿದ.

ಕೋಟಿನ ಅಂಚನ್ನು ಎರಡು ಮಡಿಕೆ ಮಾಡಿ, ಬೇಡಿಯ ಕೆಳಗೆ ಬೆರಳು ತೂರಿಸಿ, ಅವಳ ಕಾಲ್ಬೆರಳುಗಳ ಅಡಿಗೆ ಸಿಕ್ಕಿಸಿದ.

ಬೆಥಯ ಆ ಮಡಿಕೆಯನ್ನೇ ನೋಡಿದಳು. ಸಭೆಯ ಹೊತ್ತಿನಲ್ಲಿ ಹೊರಗೆ ಹೋಗಿ, ಗೈರುಹಾಜರಾದವರ ಮನೆಮನೆ ನೋಡಿ ಬರುವುದು ಕೋಲುಗಾರನ ಕೆಲಸ. ಪ್ರತಿ ಭಾನುವಾರ ಅವನು ಹೋಗುತ್ತಿದ್ದ. ನಡೆದಾಡುವುದೇ ಕೆಲಸವಾದವನು ನಡೆದುಹೋದದ್ದನ್ನು ಯಾರು ನೋಡುತ್ತಾರೆ?

"ಎನೋಸ್," ಎಂದಳು. ದನಿ ಹೊರಡಲಿಲ್ಲ, ಪಿಸುಮಾತಾಯಿತು.

ಅವನು ತಲೆಯೆತ್ತಿದ. ಅವಳ ಮುಖ ನೋಡಿದ. ತನ್ನ ಕೈಗಳನ್ನು ನೋಡಿದ. ಅವು ಇನ್ನೂ ಅವಳ ಪಾದದ ಮೇಲಿದ್ದವು. ಅವಳಿಗೆ ತಿಳಿಯಿತೆಂದು ಅವನಿಗೆ ತಿಳಿಯಿತು.

"ಯಾಕೋ?"

"ಆ ವಾರವೆಲ್ಲ ಕೆಜೀಯ ಕುರಿ ಥರ ಅರಚ್ತಿರಲಿಲ್ಲ ಅಕ್ಕ." ಅವನು ಮೆಲ್ಲಗೆ ಹೇಳಿದ. "ಒಂದು ಹೆಸರು ಹೇಳೋಕೆ ಶುರು ಮಾಡ್ತಿದ್ಲು. ನನ್ನ ಕೂಸು ಹುಟ್ಟಿದಾಗ ಆ ಕೋಣೇಲಿದ್ದೋರು ನೀನೂ ಹುಲ್ದಾನೂ ಇಬ್ಬರೇ. ಯಾರಾದ್ರೂ ಒಬ್ಬರು ಆಗಲೇಬೇಕಿತ್ತು. ಆ ಹೆಸರನ್ನ ಮುಗಿಸೋಕೆ ನಾನು ಬಿಡಲಿಲ್ಲ. ಇವತ್ತೂ ಬಿಡಲಿಲ್ಲ."

ಬೆ… ಬೆ…

ಕತ್ತಲ ಮೂಲೆಯಲ್ಲಿ ಹುಲ್ದಳ ಸರಪಳಿ ಒಮ್ಮೆ ಸದ್ದು ಮಾಡಿ ಸುಮ್ಮನಾಯಿತು.

ಬೆಥಯ ಆ ಕಡೆ ತಿರುಗಲಾರದೆ ಹೋದಳು. ಬಾಯಿ ಬಿಟ್ಟರೆ ತಮ್ಮನ ಕೊರಳು, ಮುಚ್ಚಿಕೊಂಡರೆ ಗುರುವಾರ. ಪಾದಗಳು ಮಾತ್ರ, ಅಮ್ಮ ಹೋದ ಮೇಲೆ ಎಂದೂ ಇಲ್ಲದಷ್ಟು ಬೆಚ್ಚಗಿದ್ದವು.

ಎನೋಸ್ ಬಟ್ಟಲಿನ ಮೇಲಿನ ಬಟ್ಟೆ ತೆಗೆದ. ಕಾಳಿನಿಂದ ಹಬೆ ಎದ್ದಿತು. ಬಟ್ಟಲು ಒಂದೇ ಇತ್ತು. ಅವನು ಅದರಲ್ಲಿ ಹುಲ್ದಳಿಗೂ ಸೇರಿಸಿ ಎರಡು ಚಮಚ ಇಟ್ಟು ತಂದಿದ್ದ.

"ಆರಿಹೋಗುತ್ತೆ ಅಕ್ಕ," ಎಂದು, ಬಟ್ಟಲನ್ನು ಎರಡೂ ಕೈಯಿಂದ ಅವಳ ಮುಂದೆ ಹಿಡಿದ.